ಮೇಷ್ಟ್ರ ಮಂಡಿಯ ಮೇಲಿನ ದುಂಡು ಗುರುತು

ಸೂಜಿ ಒಳಗೆ ಇಳಿಯುವಾಗ ಡ್ರಾಯಿಂಗ್ ಮೇಷ್ಟ್ರು ಮೇಲೆ ತಿರುಗುತ್ತಿದ್ದ ಫ್ಯಾನನ್ನೇ ನೋಡುತ್ತಿದ್ದರು.

"ನೋವಾದ್ರೆ ಹೇಳಿ," ಎಂದರು ಸರ್ಜನ್.

"ಹೇಳಿದ್ರೆ ನಿಲ್ಲಿಸ್ತೀರಾ?"

"ಇಲ್ಲ."

"ಮತ್ಯಾಕೆ ಹೇಳ್ಲಿ? ಮಂಡಿ ನೋವಿನ ಜೊತೆಗೆ ಬಾಯಿ ನೋವು ಬೇರೆ."

ಈ ಮಾತಿಗೆ ನಗುತ್ತಿದ್ದ ವಾರ್ಡಿನ ನರ್ಸ್ ಸಿರಿಂಜಿನೊಳಗೆ ಏರಿ ಬಂದದ್ದನ್ನು ಕಂಡು ನಗು ನಿಲ್ಲಿಸಿದಳು. ಆರೋಗ್ಯವಾಗಿರುವ ಮಂಡಿಯ ನೀರು ತಿಳಿಯಾಗಿ, ಜಿಗುಟಾಗಿ ಇರುತ್ತದೆ. ಇದು ಬೂದು ಬಣ್ಣದ ಕೀವು, ನಿನ್ನೆ ತೆಗೆದದ್ದಕ್ಕಿಂತ ದಪ್ಪ. ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದ ಪ್ಲೇಟಮ್ಮ ಬಗ್ಗಿ ನೋಡಿದಳು. ಈ ಬಣ್ಣವನ್ನು ಆಕೆ ಮೇಷ್ಟ್ರಿಗೂ ಮೊದಲು ಬೇರೆಯವರ ಮಂಡಿಯಲ್ಲಿ ಎರಡು ಸಲ ನೋಡಿದ್ದಳು. ಮೊದಲನೆಯ ಸಲ ಕಸೂತಿ ಹಾಕುತ್ತಿದ್ದ ಅಜ್ಜಿಯೊಬ್ಬಳು ತೀರಿಕೊಂಡಿದ್ದಳು. ಎರಡನೆಯ ಸಲ, ನಿವೃತ್ತಿಯಾಗಿದ್ದ ಬಸ್ ಡ್ರೈವರ್ ಒಬ್ಬರ ಕಾಲನ್ನು ತೊಡೆಯಿಂದಲೇ ತೆಗೆಯಬೇಕಾಗಿ ಬಂದಿತ್ತು.

ಪ್ಲೇಟಮ್ಮ ಎಂದರೆ ಹೊರಗಿನವರು ಕ್ಯಾಂಟೀನಿನವಳು ಅಂದುಕೊಳ್ಳಬೇಕು. ಅಸಲಿಗೆ ಆಕೆ ಈ ಆಸ್ಪತ್ರೆಯ ಲ್ಯಾಬಿನ ಹಿರಿಯ ಡಾಕ್ಟರ್. ರೋಗಿಗಳ ಕೀವನ್ನೂ ರಕ್ತವನ್ನೂ ಸಣ್ಣ ಮುಚ್ಚಳದ ತಟ್ಟೆಗಳಲ್ಲಿ ಬೆಳೆಸಿ, ಒಳಗೆ ಅಡಗಿರುವ ರೋಗಾಣು ಇಂಥದ್ದೇ ಎಂದು ಹಿಡಿದುಕೊಡುವುದು ಅವಳ ಕಸುಬು. ಹಗಲೆಲ್ಲ ತಟ್ಟೆ ಹಿಡಿದುಕೊಂಡೇ ಓಡಾಡುತ್ತಾಳೆ. ಹೆಸರು ಬಿದ್ದದ್ದು ಹಾಗೆ. ಕೂದಲು ನರೆತ ಮೇಲೂ ಅದು ಬಿಟ್ಟಿಲ್ಲ, ಅವಳಿಗೂ ಅದರ ಮೇಲೆ ಸಿಟ್ಟಿಲ್ಲ.

ಸರ್ಜನ್ ಅವಳನ್ನು ಕಿಟಕಿಯ ಬಳಿಗೆ ಕರೆದರು.

"ಮಧ್ಯಾಹ್ನ ಮಂಡಿ ತೆರೆದು ತೊಳೀತೀನಿ ಮೇಡಂ. ಆದ್ರೆ ತೊಳೆದ್ರೆ ಸಾಲದು. ಯಾವ ಔಷಧಿ ಹಾಕ್ಲಿ, ಅದು ಹೇಳಿ."

"ತಟ್ಟೇಲಿ ಬೆಳೀಲಿ, ಹೇಳ್ತೀನಿ."

"ಅಲ್ಲಿವರೆಗೆ ಅವರು ಇರ್ಬೇಕಲ್ಲ! ಜ್ವರ ಇಳೀತಿಲ್ಲ. ಬಿಪಿ ಬೀಳ್ತಾ ಇದೆ. ಅಜ್ಜಿ ವಿಷಯದಲ್ಲೂ ಹೀಗೇ ಕಾದ್ವಿ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎರಡು ದಿನದಲ್ಲಿ ಏನೂ ಬೆಳೆಯದ ತಟ್ಟೆಯನ್ನು 'ರೋಗಾಣು ಇಲ್ಲ' ಎಂದು ಬರೆದು ತೊಟ್ಟಿಗೆ ಹಾಕುವುದು ಲ್ಯಾಬುಗಳ ರೂಢಿ. ಆತುರವಿಲ್ಲದ ರೋಗಾಣುಗಳು ಆಮೇಲೆ ಆ ತೊಟ್ಟಿಯಲ್ಲೇ ಆರಾಮಾಗಿ ಬೆಳೆದುಕೊಳ್ಳುತ್ತವೆ. ಅಜ್ಜಿಯ ತಟ್ಟೆಯೂ ಡ್ರೈವರನ ತಟ್ಟೆಯೂ ಹೋದದ್ದು ಅಲ್ಲಿಗೇ.

"ನನಗೊಂದು ಅನುಮಾನ ಇದೆ," ಎಂದಳು ಪ್ಲೇಟಮ್ಮ. "ನೀರಲ್ಲಿ ಬದುಕೋ ಒಂದು ಜಾತಿ ಇದೆ. ಮೈಮೇಲೆ ಮೇಣದ ಕವಚ. ಮಾಮೂಲಿ ಔಷಧಿಗಳಿಗೆ ಜಗ್ಗಲ್ಲ. ಅದು ಗಾಳೀಲಿ ಹಾರಿ ಬಂದು ಮಂಡಿಯೊಳಗೆ ಕೂರಲ್ಲ, ಯಾರಾದ್ರೂ ಸೂಜಿಯಲ್ಲಿ ಒಳಗೆ ಬಿಡಬೇಕು."

"ಅದಕ್ಕೆ ಔಷಧಿ ಇದೆಯಲ್ಲ?"

"ಇದೆ. ಕಿಡ್ನಿ ತಿನ್ನತ್ತೆ, ಕಿವಿ ತಿನ್ನತ್ತೆ. ಇವರ ಕಿಡ್ನಿ ಈಗಾಗ್ಲೇ ಅರ್ಧ ಕೆಲಸ ಬಿಟ್ಟಿದೆ. ಬರೀ ಅನುಮಾನದ ಮೇಲೆ ಹಾಕಿ ಅಂತ ಹೇಗೆ ಹೇಳ್ಲಿ? ತಪ್ಪಾದ್ರೆ ಅವರನ್ನ ಕೊಲ್ಲೋದು ನಾವೇ."

"ಹಾಕದೆ ಇದ್ರೂ ನಾವೇ," ಎಂದು ಸರ್ಜನ್ ಕೈಗವಸು ಕಿತ್ತು ಬುಟ್ಟಿಗೆ ಎಸೆದರು.

ಅವಳು ಮಂಚಕ್ಕೆ ವಾಪಸು ಬಂದಳು. ಮೇಷ್ಟ್ರ ಸೊಸೆ ಬಾಗಿಲ ಬಳಿ ಫ್ಲಾಸ್ಕ್ ಹಿಡಿದು ನಿಂತಿದ್ದಳು. ಒಳಗೂ ಬರದೆ ಹೊರಗೂ ಹೋಗದೆ, ಬಂದಾಗಿನಿಂದ ಅಲ್ಲೇ ಇದ್ದಾಳೆ.

"ಮೇಷ್ಟ್ರೇ, ಮನೇಲಿ ಬೆಕ್ಕಿದೆಯಂತೆ. ಪರಚಿತ್ತಾ?"

"ಅದು ಪರಚದೆ ಇದ್ದ ದಿನ ಯಾವುದು ಅಂತ ಕೇಳಿ. ನಾನು ಅದರ ಚಿತ್ರ ಬರೆದೆ, ಮೀಸೆ ಸ್ವಲ್ಪ ಮೋಟಾಯ್ತು. ಅವತ್ತಿನಿಂದ ದ್ವೇಷ."

"ಗಿಡದ ಮುಳ್ಳು ಏನಾದ್ರೂ?"

"ಗುಲಾಬಿ ಸವರೋವಾಗ ಚುಚ್ಚದೆ ಬಿಟ್ರೆ ಅದು ಗುಲಾಬೀನಾ?"

ಬೆಕ್ಕು, ಗುಲಾಬಿ. ಇಬ್ಬರನ್ನೂ ಪ್ಲೇಟಮ್ಮ ಮನಸ್ಸಿನಲ್ಲೇ ಕಟಕಟೆಗೆ ಹತ್ತಿಸಿ ಇಳಿಸಿದಳು. ಬೆಕ್ಕಿನ ಉಗುರಿನ ರೋಗಾಣುವಾದರೆ ಬೆಳಗಾಗುವಷ್ಟರಲ್ಲಿ ತಟ್ಟೆಯ ಮೇಲೆ ಕಾಣಿಸಿಕೊಳ್ಳುತ್ತದೆ. ಮುಳ್ಳಿನದೂ ಹಾಗೆಯೇ. ನಿನ್ನೆ ತೆಗೆದ ಕೀವಿನ ತಟ್ಟೆ ಈ ಬೆಳಿಗ್ಗೆ ತೊಳೆದಿಟ್ಟಷ್ಟು ಖಾಲಿಯಾಗಿತ್ತು.

"ಮಂಡಿಗೆ ಯಾರಾದ್ರೂ ಇಂಜೆಕ್ಷನ್ ಕೊಟ್ಟಿದ್ರಾ?"

"ಇಲ್ಲಮ್ಮ."

ಅಷ್ಟೇ. ಇಷ್ಟು ಹೊತ್ತು ಒಂದು ಪ್ರಶ್ನೆಗೂ ನೆಟ್ಟಗೆ ಉತ್ತರ ಕೊಡದ ಮನುಷ್ಯ ಇದೊಂದಕ್ಕೆ ಮಾತ್ರ ನೆಟ್ಟಗೆ ಉತ್ತರ ಕೊಟ್ಟರು.

ನಿಜ ಹೇಳಬೇಕೆಂದರೆ, ಆ 'ಇಲ್ಲ'ವನ್ನು ನಂಬಿಬಿಡಬೇಕೆಂದು ಪ್ಲೇಟಮ್ಮನಿಗೆ ತುಂಬ ಆಸೆಯಾಯಿತು. ಅಜ್ಜಿಗೂ ಡ್ರೈವರನಿಗೂ ಇದ್ದ ಒಂದೇ ಕೊಂಡಿಯೆಂದರೆ ಪೇಟೆಬೀದಿಯ ಮಂಡಿ ಕ್ಲಿನಿಕ್ಕು. ಇಬ್ಬರೂ ಅಲ್ಲಿ ನೋವು ಇಳಿಯಲೆಂದು ಮಂಡಿಗೆ ಸೂಜಿ ಹಾಕಿಸಿಕೊಂಡಿದ್ದರು. ಆ ಕ್ಲಿನಿಕ್ಕಿನ ಡಾಕ್ಟರು ಅವಳ ಸ್ವಂತ ಅಣ್ಣ. ಮೇಷ್ಟ್ರಿಗೆ ಯಾರೂ ಸೂಜಿ ಚುಚ್ಚಿಲ್ಲವೆಂದಾದರೆ ಅಣ್ಣ ಬಚಾವು. ಮನಸ್ಸು ಹಗುರಾಯಿತು, ಹಗುರಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಅವಳು ಹೊದಿಕೆ ಸರಿಸಿ ಮಂಡಿಯನ್ನು ಇನ್ನೊಮ್ಮೆ ನೋಡಿದಳು. ಊದಿಕೊಂಡು ಕೆಂಪಾಗಿ, ಚರ್ಮ ಬಿಗಿದು ಹೊಳೆಯುತ್ತಿತ್ತು. ಮೇಷ್ಟ್ರದು ಮೈತುಂಬ ಕೂದಲಿನ ಮೈ. ಮಂಡಿಚಿಪ್ಪಿನ ಹೊರ ಅಂಚಿನಲ್ಲಿ ಮಾತ್ರ ಒಂದು ಅಂಗಿ ಗುಂಡಿಯಷ್ಟಗಲ ಜಾಗ ಬೋಳಾಗಿತ್ತು. ಕಂಪಾಸಿನಲ್ಲಿ ಎಳೆದಷ್ಟು ದುಂಡಗೆ. ಬೆರಳು ಸವರಿದರೆ ಆಗಷ್ಟೇ ಚಿಗುರುತ್ತಿರುವ ಕೂದಲು ಒರಟಾಗಿ ತಾಗಿತು.

"ಇದೇನು ಮೇಷ್ಟ್ರೇ?"

"ಹುಟ್ಟುಮಚ್ಚೆ."

"ಹುಟ್ಟುಮಚ್ಚೆ ಮೇಲೆ ಕೂದಲು ಈಗಷ್ಟೇ ಚಿಗುರತ್ತಾ?"

ಮೇಷ್ಟ್ರು ಗೋಡೆಯ ಕಡೆ ಹೊರಳಿದರು. ಆ ಗುರುತು ಯಾವುದೆಂದು ಪ್ಲೇಟಮ್ಮನಿಗೆ ಗೊತ್ತಿತ್ತು. ಸೂಜಿ ತೆಗೆದ ಮೇಲೆ ಅಂಟಿಸುವ ಸಣ್ಣ ದುಂಡು ಪ್ಲಾಸ್ಟರು. ಕೀಳುವಾಗ ಕೂದಲನ್ನೂ ಕಿತ್ತುಕೊಂಡೇ ಬರುತ್ತದೆ. ಜಾಗವೂ ಅದೇ. ಪಳಗಿದ ಕೈ ಸೂಜಿ ಇಳಿಸುವುದು ಅಲ್ಲೇ, ಚಿಪ್ಪಿನ ಹೊರ ಅಂಚಿನಲ್ಲಿ.

"ಮೇಷ್ಟ್ರೇ, ನೀವು ನಿಜ ಹೇಳಿದ್ರೆ ನಾನು ಸರಿಯಾದ ಔಷಧಿ ಹಾಕಿಸ್ತೀನಿ. ಸುಳ್ಳು ಹೇಳಿದ್ರೆ ಕಾಲು ಹೋಗತ್ತೆ. ಅಷ್ಟಕ್ಕೇ ನಿಂತ್ರೆ ಪುಣ್ಯ."

"ಹೋಗ್ಲಿ ಬಿಡಮ್ಮ. ಬೇಕಾದಷ್ಟು ನಡೆದಿದ್ದೀನಿ." ಅವರು ಗೋಡೆಗೇ ಹೇಳಿದರು: "ಅವಳನ್ನೇನೂ ಕೇಳ್ಬೇಡಿ."

ಯಾರೂ ಸೊಸೆಯನ್ನು ಏನೂ ಕೇಳಿರಲಿಲ್ಲ.

ಪ್ಲೇಟಮ್ಮ ತಿರುಗಿ ನೋಡಿದಳು. ಬಾಗಿಲಲ್ಲಿ ಫ್ಲಾಸ್ಕ್ ನೆಲದ ಮೇಲಿತ್ತು. ಸೊಸೆ ಇರಲಿಲ್ಲ.

ಅವಳು ಸಿಕ್ಕಿದ್ದು ವರಾಂಡದ ಕೊನೆಯ ಬಟ್ಟೆ ಕೋಣೆಯಲ್ಲಿ, ಒಗೆದು ಮಡಚಿಟ್ಟ ಹಾಸಿಗೆ ಬಟ್ಟೆಗಳ ನಡುವೆ. ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಈ ಮುಖವನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಬೆಳಿಗ್ಗೆಯಿಂದ ಕೊರೆಯುತ್ತಿದ್ದದ್ದಕ್ಕೆ ಈಗ ಉತ್ತರ ಹೊಳೆಯಿತು. ಇವಳು ಅಣ್ಣನ ಕ್ಲಿನಿಕ್ಕಿನ ನರ್ಸು.

ಪ್ಲೇಟಮ್ಮ ಬಾಗಿಲು ಮುಂದೆ ಮಾಡಿದಳು.

"ಸೂಜಿ ಚುಚ್ಚಿದ್ದು ಎಲ್ಲಿ? ಕ್ಲಿನಿಕ್ಕಿನಲ್ಲಾ, ಮನೇಲಾ?"

"ನಾನು ಚುಚ್ಚಿದೆ ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನಿಮ್ಮನ್ನ ಕೇಳ್ಬೇಡಿ ಅಂತ ನಿಮ್ಮ ಮಾವ ಅಂದ್ರು, ಅಷ್ಟೇ."

ಸೊಸೆಯ ಕಣ್ಣು ತುಂಬಿತು. ಆದರೂ ಅವಳು ಅಳಲಿಲ್ಲ. ಅಳುವ ಹಕ್ಕು ತನಗಿಲ್ಲ ಎಂದುಕೊಂಡವಳ ಹಾಗೆ ತುಟಿ ಕಚ್ಚಿದಳು.

"ಮನೇಲಿ," ಎಂದಳು.

"ನಿಮ್ಮ ಡಾಕ್ಟರಿಗೆ ಗೊತ್ತಾ?"

"ಇಲ್ಲ. ಅವರು ಆಗಲ್ಲ ಅಂದಿದ್ರು. ಮಾವನಿಗೆ ಶುಗರ್ ಜಾಸ್ತಿ, ಸ್ಟೀರಾಯ್ಡ್ ಇಂಜೆಕ್ಷನ್ ಬೇಡ ಅಂತ ಖಡಾಖಂಡಿತ ಹೇಳಿ ಕಳಿಸಿದ್ರು. ಆದ್ರೆ ಮಾವ ಬಿಡ್ಬೇಕಲ್ಲ! ಅವರು ಎಷ್ಟೋ ವರ್ಷದ ಹಿಂದೆ ಸ್ಕೂಲಿನ ಗೋಡೆ ಮೇಲೆ ಒಂದು ಚಿತ್ರ ಬರೆದಿದ್ರು. ಬಣ್ಣ ಉದುರಿದೆ, ಮತ್ತೆ ಬರೆದುಕೊಡಿ ಅಂತ ಸ್ಕೂಲಿನೋರು ಕರೆದ್ರು. ಒಂದೇ ಒಂದು ಸಲ ನಿಂತ್ಕೊಳ್ಳೋ ಹಾಗೆ ಮಾಡು ಮಗಳೇ, ಆಮೇಲೆ ಜನ್ಮದಲ್ಲಿ ಕೇಳಲ್ಲ ಅಂದ್ರು. ಸೊಸೆ ಅಂತ ಅವರು ಒಂದು ದಿನಾನೂ ಕರೆದಿಲ್ಲ ಮೇಡಂ."

"ಸರಿ. ಯಾವ ಔಷಧಿ? ಕ್ಲಿನಿಕ್ಕಿನ ಬಾಟಲೀಲಿ ಉಳಿದಿದ್ದಾ?"

"ಛೆ, ಇಲ್ಲ!" ಅವಳ ದನಿ ಮೊದಲ ಸಲ ಗಟ್ಟಿಯಾಯಿತು. "ಅಂಗಡಿಯಿಂದ ಸೀಲ್ ಒಡೆಯದ ಬಾಟಲಿ ತಂದೆ. ಸಿರಿಂಜ್ ಹೊಸದು, ಸೂಜಿ ಹೊಸದು, ಕೈಗವಸು ಹೊಸದು. ನನ್ನ ಮಗುವಿಗೆ ಸ್ನಾನ ಮಾಡಿಸುವಾಗಲೂ ಅಷ್ಟು ಸಲ ಕೈ ತೊಳೆದಿರಲಿಲ್ಲ. ಏನು ತಪ್ಪು ಮಾಡಿದೆ ಅಂತ ಯೋಚಿಸಿ ಯೋಚಿಸಿ ತಲೆ ಕೆಟ್ಟು ಹೋಗಿದೆ."

"ಚರ್ಮ ಯಾವುದರಲ್ಲಿ ಒರೆಸಿದ್ರಿ?"

"ಹತ್ತೀಲಿ."

"ಯಾವ ಹತ್ತಿ?"

"ಕ್ಲಿನಿಕ್ಕಿಂದು. ರೋಗಾಣು ಕೊಲ್ಲೋ ದ್ರಾವಣದಲ್ಲಿ ನೆನೆಸಿಟ್ಟಿರ್ತೀವಲ್ಲ, ಸ್ಟೀಲ್ ಡಬ್ಬಿಯಲ್ಲಿ. ಒಂದು ಹಿಡಿ ತಂದಿದ್ದೆ. ಮನೆ ಹತ್ತಿಗಿಂತ ಅದು ಶುದ್ಧ ಅಂತ."

ಪ್ಲೇಟಮ್ಮ ಬಟ್ಟೆಗಳ ರಾಶಿಯ ಮೇಲೆ ಹಾಗೇ ಕುಳಿತುಬಿಟ್ಟಳು. ಮೂವರು ರೋಗಿಗಳು. ಇಬ್ಬರಿಗೆ ಕ್ಲಿನಿಕ್ಕಿನಲ್ಲಿ, ಮೇಷ್ಟ್ರಿಗೆ ಮನೆಯಲ್ಲಿ: ಬೇರೆ ಕೈ, ಬೇರೆ ಕೋಣೆ, ಬೇರೆ ಬಾಟಲಿ. ಮೂವರಿಗೂ ಸಮಾನವಾಗಿ ಇದ್ದದ್ದು ಒಂದೇ ಒಂದು, ಡಬ್ಬಿಯ ಹತ್ತಿ. ಸೊಸೆ ಕಳ್ಳತನದಲ್ಲಿ ಅಷ್ಟು ಅಚ್ಚುಕಟ್ಟಾಗಿ ಮಾಡದೆ ಹೋಗಿದ್ದರೆ ಇದು ಯಾವ ಕಾಲಕ್ಕೂ ಬಯಲಾಗುತ್ತಿರಲಿಲ್ಲ.

"ಆ ಡಬ್ಬಿ ಖಾಲಿ ಮಾಡಿ ತೊಳೆಯೋದು ಯಾವಾಗ?"

"ಅದು ಖಾಲಿ ಆಗೋದೇ ಇಲ್ಲ ಮೇಡಂ. ಅರ್ಧಕ್ಕೆ ಇಳಿದ್ರೆ ಮೇಲಿಂದ ಹೊಸ ಹತ್ತಿ ತುಂಬಿ ದ್ರಾವಣ ಸುರೀತೀವಿ."

"ಒಂದು ಸಲಾನೂ ತೊಳೆದಿಲ್ವಾ?"

ಸೊಸೆ ಅರ್ಥವಾಗದೆ ನೋಡಿದಳು. "ರೋಗಾಣು ಕೊಲ್ಲೋ ದ್ರಾವಣ ಅಲ್ವಾ ಅದು? ಅದನ್ನ ಯಾಕೆ ತೊಳೀಬೇಕು?"

ಇದಕ್ಕೆ ನಗುವವರು ನಗಬಹುದು. ಆದರೆ ಸೋಪನ್ನು ತೊಳೆದಿಡುವವರು ಯಾರಿದ್ದಾರೆ? ಶುದ್ಧಿ ಮಾಡುವುದನ್ನೇ ಶುದ್ಧಿ ಮಾಡಬೇಕೆಂದು, ಹಗಲೆಲ್ಲ ಶುದ್ಧಿಯ ಕೆಲಸದಲ್ಲೇ ಮುಳುಗಿದವರಿಗೆ ಹೊಳೆಯುವುದಿಲ್ಲ. ಹತ್ತಿ ದ್ರಾವಣದ ಕಸುವನ್ನು ಹೀರಿಕೊಳ್ಳುತ್ತದೆ. ಸಾಧು ರೋಗಾಣುಗಳು ಸಾಯುತ್ತವೆ, ಮೇಣದ ಕವಚದವು ಉಳಿಯುತ್ತವೆ. ತಳದ ಹಳೆಯ ಹತ್ತಿ ಹಾಗೇ ಕೂತಿರುತ್ತದೆ. ಮೇಲಿನ ಹೊಸ ಹತ್ತಿಯಲ್ಲೂ ಅವು ಬಾಡಿಗೆ ಕೊಡದೆ ಸಂಸಾರ ಹೂಡುತ್ತವೆ.

"ಮನೆಗೆ ತಂದಿದ್ದ ಹತ್ತೀಲಿ ಏನಾದ್ರೂ ಉಳಿದಿದೆಯಾ?"

ಸೊಸೆ ಕೈಚೀಲದ ಜಿಪ್ ಎಳೆದು ಮುಚ್ಚಳ ಬಿಗಿದ ಸಣ್ಣ ಡಬ್ಬಿಯೊಂದನ್ನು ಹೊರಗೆ ತೆಗೆದಳು.

"ಎಸೆಯೋಕೆ ಅಂತ ತಂದೆ. ಆಸ್ಪತ್ರೆ ಬುಟ್ಟೀಲಿ ಯಾರಿಗೂ ಗೊತ್ತಾಗಲ್ಲ ಅಂತ. ಬೆಳಿಗ್ಗೆಯಿಂದ ಬುಟ್ಟಿ ಹತ್ರ ಹೋಗ್ತೀನಿ, ಬರ್ತೀನಿ. ಕೈ ಬರಲಿಲ್ಲ." ಡಬ್ಬಿಯನ್ನು ಅವಳು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. "ಕೆಲಸ ಹೋದ್ರೆ ಹೋಗ್ಲಿ ಮೇಡಂ. ಮಾವನ ಕಾಲು ನನ್ನ ಕೈಯಿಂದ ಹೋಯ್ತು ಅಂತ ಮನೆಯವರಿಗೆ ಹೇಗೆ ಮುಖ ತೋರಿಸ್ಲಿ?"

ಪ್ಲೇಟಮ್ಮ ಡಬ್ಬಿಯನ್ನು ಕೋಟಿನ ಜೇಬಿಗೆ ಇಳಿಸಿದಳು. ಅವಳು ಆ ಹುಡುಗಿಯ ಭುಜವನ್ನೊಮ್ಮೆ ಒತ್ತಿ ಲ್ಯಾಬಿಗೆ ನಡೆದಳು.

ಹತ್ತಿಯನ್ನು ಹಿಂಡಿ ಬಂದ ಹನಿಯನ್ನು ಗಾಜಿನ ಮೇಲೆ ಸವರಿ ಒಣಗಿಸಿದಳು. ಕೆಂಪು ಬಣ್ಣ ಸುರಿದು ಕಾಯಿಸಿದಳು. ಆಮೇಲೆ ಆಮ್ಲದಲ್ಲಿ ತೊಳೆದು, ಹಿನ್ನೆಲೆಗೆ ನೀಲಿ ಬಣ್ಣ ಹಾಕಿದಳು. ಬೇರೆ ಎಲ್ಲ ರೋಗಾಣುಗಳೂ ಆಮ್ಲ ತಾಗಿದೊಡನೆ ಬಣ್ಣ ಬಿಟ್ಟುಕೊಡುತ್ತವೆ. ಮೇಣದ ಕವಚದವು ಮಾತ್ರ ಹಿಡಿದ ಬಣ್ಣ ಬಿಡುವುದಿಲ್ಲ. ಮೇಷ್ಟ್ರ ಕೀವಿನಲ್ಲಿ ಇದೇ ಪರೀಕ್ಷೆ ಮಾಡಿದಾಗ ನಿನ್ನೆ ಏನೂ ಕಂಡಿರಲಿಲ್ಲ. ಕೀವಿನಲ್ಲಿ ಅವು ಬೆರಳೆಣಿಕೆಯಷ್ಟಿರುತ್ತವೆ, ಕಂಡರೆ ಅದೃಷ್ಟ.

ಸೂಕ್ಷ್ಮದರ್ಶಕದ ತಿರುಪು ತಿರುಗಿಸಿದಳು. ಮಸುಕು ಸರಿಯಿತು. ನೀಲಿ ನೆಲದ ಮೇಲೆ ಕೆಂಪು ಕಡ್ಡಿಗಳು, ಒಂದೆರಡಲ್ಲ, ರಾಶಿ ರಾಶಿ.

"ಸಿಕ್ಕಿದ್ರಲ್ಲ," ಎಂದಳು ಅವಳು, ಅವುಗಳಿಗೇ. ಎದ್ದು ಕುಣಿಯುವಷ್ಟು ಸಂತೋಷವಾಯಿತು. ಮರುಕ್ಷಣವೇ ಅಣ್ಣನ ನೆನಪಾಯಿತು. ಅಪ್ಪ ತೀರಿಕೊಂಡ ವರ್ಷ ತನ್ನ ಡಾಕ್ಟರ್ ಓದನ್ನು ಕೆಲವು ವರ್ಷ ಮುಂದಕ್ಕೆ ಹಾಕಿ ಇವಳನ್ನು ಮೆಡಿಕಲ್ ಕಾಲೇಜಿಗೆ ಸೇರಿಸಿದವನು ಅವನು. ಇವಳ ಹೋಂವರ್ಕಿಗೆ ಕಪ್ಪೆ ಹಿಡಿದು ತಂದುಕೊಡುತ್ತಿದ್ದವನೂ ಅವನೇ.

ಮೊದಲು ಸರ್ಜನ್‌ಗೆ ಫೋನ್ ಮಾಡಿ ಔಷಧಿಯ ಹೆಸರು ಹೇಳಿದಳು. ಆಮೇಲೆ ಅಣ್ಣನಿಗೆ ಮಾಡಿದಳು. "ಕ್ಲಿನಿಕ್ ಬಾಗಿಲು ಹಾಕಿಬಿಡು ಅಣ್ಣ. ಹತ್ತಿ ಡಬ್ಬಿ ಯಾರೂ ಮುಟ್ಟಬಾರದು," ಎಂದು ಕಾರಣವನ್ನೂ ಹೇಳಿದಳು. ಅವನು ಬೈಯಲಿಲ್ಲ, ವಾದಿಸಲಿಲ್ಲ. ಫೋನ್ ಇಟ್ಟುಬಿಟ್ಟ.

ಮೇಷ್ಟ್ರನ್ನು ಆಗಲೇ ಗಾಲಿಮಂಚಕ್ಕೆ ಹತ್ತಿಸಿದ್ದರು. ಹೊಸ ಔಷಧಿ ಹನಿಹನಿಯಾಗಿ ಕೈಯ ನರಕ್ಕೆ ಇಳಿಯುತ್ತಿತ್ತು.

"ಕಿವಿ ಹೋಗಬಹುದು ಮೇಷ್ಟ್ರೇ. ಮೊದಲೇ ಹೇಳ್ಬಿಡ್ತೀನಿ."

"ಡ್ರಾಯಿಂಗ್ ಮೇಷ್ಟ್ರಿಗೆ ಕಿವಿ ಯಾಕಮ್ಮ? ಕಣ್ಣೊಂದು ಬಿಟ್ಟುಕೊಡಿ ಸಾಕು." ತಮಾಷೆಯ ದನಿ ಅಲ್ಲಿಗೆ ನಿಂತಿತು. ಅವರು ಪ್ಲೇಟಮ್ಮನ ಕೈ ಹಿಡಿದರು. "ಅವಳ ಹೆಸರು ಹೊರಗೆ ಬರತ್ತಾ?"

ಬರುವುದಿಲ್ಲ ಎನ್ನಬಹುದಿತ್ತು. ಸಾವಿನ ಬಾಗಿಲಲ್ಲಿ ಮಲಗಿದ ಮುದುಕರಿಗೆ ಒಂದು ಸುಳ್ಳು ಹೇಳಿದರೆ ಯಾರೂ ಬಯ್ಯುತ್ತಿರಲಿಲ್ಲ.

"ಬರತ್ತೆ," ಎಂದಳು ಪ್ಲೇಟಮ್ಮ. "ಆದ್ರೆ ಅವಳು ಹತ್ತಿ ಕೊಟ್ಟಿದ್ದಕ್ಕೇ ನಿಮಗೆ ಔಷಧಿ ಸಿಕ್ಕಿದ್ದು ಅನ್ನೋದೂ ಬರತ್ತೆ. ಅದನ್ನ ನಾನೇ ಹೇಳ್ತೀನಿ."

ಮೇಷ್ಟ್ರು ಕಣ್ಣು ಮುಚ್ಚಿ ತಲೆಯಾಡಿಸಿದರು. ಗಾಲಿಮಂಚ ಆಪರೇಷನ್ ಥಿಯೇಟರಿನ ಕಡೆ ಹೊರಟಿತು. ಸೊಸೆ ಅದರ ಕಂಬಿ ಹಿಡಿದುಕೊಂಡು, ಇನ್ನು ಬಿಡಬೇಕು ಎಂದು ಯಾರೋ ಹೇಳುವವರೆಗೂ ಜೊತೆಗೇ ನಡೆದಳು.

ಪ್ಲೇಟಮ್ಮ ಲ್ಯಾಬಿಗೆ ಮರಳಿದಾಗ ಅವಳ ಕುರ್ಚಿಯಲ್ಲಿ ಅಣ್ಣ ಕುಳಿತಿದ್ದ. ಮುಖ ಬಿಳಿಚಿತ್ತು, ಹಣೆಯಲ್ಲಿ ಬೆವರು. ಜಗಳಕ್ಕೇ ಬಂದಿದ್ದಾನೆ ಎಂದುಕೊಂಡು ಅವಳು ಗಟ್ಟಿಯಾಗಿ ನಿಂತಳು.

"ಅಣ್ಣ, ನಿನ್ನ ಡಬ್ಬಿ ತಪ್ಪು ಅಂತ ನಾನು ಬರೀಲೇಬೇಕು. ತಂಗಿ ಅಂತ..."

"ಕೂತ್ಕೋ ಪುಟ್ಟಿ."

ಅವನು ಪ್ಯಾಂಟಿನ ಕಾಲನ್ನು ಮೇಲಕ್ಕೆ ಸರಿಸಿದ. ಮಂಡಿ ಊದಿಕೊಂಡು, ಕೆಂಪಾಗಿ, ಹೊಳೆಯುತ್ತಿತ್ತು.

ಪ್ಲೇಟಮ್ಮ ಮಂಡಿಯ ಮೇಲೆ ಕೈ ಇಟ್ಟಳು. "ಯಾವಾಗಿಂದ? ಯಾಕೆ ಹೇಳ್ಲಿಲ್ಲ? ಅಯ್ಯೋ, ಆ ಡಬ್ಬಿ ಹತ್ತೀಲೇ ನೀನೂ..."

"ಅಲ್ಲ. ಅದನ್ನ ಹೇಳೋಕೇ ಬಂದೆ." ಅವನು ಬೇರೆ ಕಡೆ ನೋಡಿದ. "ಮಂಡಿ ಡಾಕ್ಟರಿಗೇ ಮಂಡಿ ನೋವು ಅಂದ್ರೆ ಜನ ನಗಾಡ್ತಾರೆ. ನನ್ನ ಕ್ಲಿನಿಕ್ಕಿನಲ್ಲಿ ಯಾರಿಗೂ ಬಾಯಿ ಬಿಡಲಿಲ್ಲ. ನಿನಗೂ ಹೇಳದೆ ಇಲ್ಲಿಗೆ ಬಂದು ಇಂಜೆಕ್ಷನ್ ಹಾಕಿಸ್ಕೊಂಡೆ. ನಿಮ್ಮ ಥಿಯೇಟರಿನಲ್ಲಿ, ನಿಮ್ಮ ಸರ್ಜನ್ ಕೈಯಿಂದ. ನನ್ನ ಡಬ್ಬಿ ನನ್ನ ಹತ್ರಕ್ಕೂ ಬಂದಿಲ್ಲ."

"ಹಾಗಾದ್ರೆ ನಿನ್ನ ಡಬ್ಬೀಲಿ ಕಂಡಿದ್ದು?"

"ಡಬ್ಬಿಗೆ ದ್ರಾವಣ ಎಲ್ಲಿಂದ ಬರತ್ತೆ ಅಂತ ಕೇಳಿದ್ಯಾ ನೀನು? ನಿಮ್ಮ ಆಸ್ಪತ್ರೆಯಿಂದಾನೇ. ಔಷಧ ವಿಭಾಗದ ಡ್ರಮ್ಮಿನಲ್ಲಿ ನೀರು ಬೆರೆಸಿ, ಅಲ್ಲಿಂದ ನನ್ನ ಕ್ಲಿನಿಕ್ಕಿಗೂ ಕೊಡ್ತಾರೆ, ಥಿಯೇಟರಿಗೂ ಕೊಡ್ತಾರೆ. ಕೆಟ್ಟಿರೋದು ಆ ಡ್ರಮ್ಮು." ಅವನು ಕುರ್ಚಿಯ ಕೈ ಹಿಡಿದು ಏಳಲು ನೋಡಿದ, ಆಗಲಿಲ್ಲ. "ಮೇಷ್ಟ್ರ ಮಂಡಿ ತೆರೆದ ಮೇಲೆ ಒಳಗೆ ಯಾವುದರಲ್ಲಿ ತೊಳೀತಾರೆ ಪುಟ್ಟಿ?"

ಪ್ಲೇಟಮ್ಮ ಫೋನ್ ಎತ್ತಿ ಥಿಯೇಟರಿನ ನಂಬರು ಒತ್ತಿದಳು. ಗಂಟೆ ಹೊಡೆಯಿತು, ಹೊಡೆಯಿತು, ಹೊಡೆಯಿತು. ಕೈಗೆ ಗವಸು ತೊಟ್ಟು ನಿಂತವರು ಫೋನ್ ಎತ್ತುವುದಿಲ್ಲ.

ರಿಸೀವರನ್ನು ಅಲ್ಲೇ ನೇತಾಡಲು ಬಿಟ್ಟು ಅವಳು ಓಡಿದಳು. ಮೆಟ್ಟಿಲಿನಲ್ಲಿ ಯಾರನ್ನೋ ನೂಕಿದಳು, ಯಾರೋ ಬಯ್ದರು. ಥಿಯೇಟರಿನ ಹೊರಗೆ ಬೆಂಚಿನ ಮೇಲಿದ್ದ ಸೊಸೆ ಅವಳ ಮುಖ ನೋಡಿ ಎದ್ದು ನಿಂತಳು.

ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ದುಂಡನೆಯ ಗಾಜಿನಾಚೆ ಮೇಷ್ಟ್ರ ಮಂಡಿ ದೀಪದ ಕೆಳಗೆ ತೆರೆದುಕೊಂಡಿತ್ತು. ಸರ್ಜನ್ ಕೈ ಚಾಚಿದರು. ನರ್ಸ್ ಔಷಧ ವಿಭಾಗದ ಚೀಟಿ ಅಂಟಿಸಿದ್ದ ದೊಡ್ಡ ಬಾಟಲಿಯ ಮುಚ್ಚಳ ತೆಗೆದಳು.

ಪ್ಲೇಟಮ್ಮ ಎರಡೂ ಮುಷ್ಟಿಯಿಂದ ಗಾಜನ್ನು ಗುದ್ದಿದಳು. ಒಳಗೆ ಯಾರೂ ತಲೆ ಎತ್ತಲಿಲ್ಲ. ನರ್ಸ್ ಬಾಟಲಿಯನ್ನು ಬಗ್ಗಿಸಿದಳು.